ದೊನ್ ಎರಾಸ್ಮೊನ ಎಂಟುನೂರ ಎಂಬತ್ತು ವಾಟ್

ನನ್ನ ಅಕ್ಕನ ಗಂಡ ಎರಾಸ್ಮೊನನ್ನು ಶಾಕ್ಕಾ ಊರಿಗೆ ಊರೇ 'ಇಂಜಿನಿಯರೇ' ಎಂದು ಕರೆಯುತ್ತದೆ. ಅವನು ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವನಲ್ಲ. ಬಂದರಿನ ಬಳಿ ಮೀನಿಗೆ ಉಪ್ಪು ಹಾಕುವ ಕಾರ್ಖಾನೆಯಲ್ಲಿ ತಕ್ಕಡಿಯ ಹಿಂದೆ ಕೂತು ಆಯುಸ್ಸು ಸವೆಸಿದವನು. ಆದರೆ ನಮ್ಮ ಸಿಸಿಲಿಯಲ್ಲಿ ಟೈ ಕಟ್ಟಿದವನೆಲ್ಲ ಡಾಕ್ಟರು, ಜೇಬಿಗೆ ಪೆನ್ಸಿಲ್ ಸಿಕ್ಕಿಸಿದವನೆಲ್ಲ ಇಂಜಿನಿಯರು. ಕರೆಯುವವರ ಗಂಟೇನೂ ಹೋಗುವುದಿಲ್ಲ. ಕರೆಸಿಕೊಂಡವನು ಅದನ್ನು ಬೀದಿಯಲ್ಲೇ ಬಿಟ್ಟು ಮನೆಗೆ ಹೋಗಬೇಕು, ಅಷ್ಟೆ. ಎರಾಸ್ಮೊ ಅದನ್ನು ಮನೆಗೂ ಹೊತ್ತುಕೊಂಡು ಹೋದ. ಎದುರಿಗೆ ನಾನು ಅವನನ್ನು 'ಭಾವ, ನೀವು' ಎಂದೇ ಮಾತಾಡಿಸುತ್ತೇನೆ; ಬರೆಯುವಾಗ ಅಷ್ಟೊಂದು ಮರ್ಯಾದೆ ನನ್ನ ಕೈಲಾಗದು.

ಇದಕ್ಕೆಲ್ಲ ಮೂಲ ಅಂಚೆಯಲ್ಲಿ ಬಂದ ಒಂದು ಪಾಠಮಾಲೆ. ಮನೆಯಲ್ಲೇ ಕೂತು ವಿದ್ಯುತ್ತು ಕಲಿಯಿರಿ ಎಂದು ಉತ್ತರದ ಯಾವುದೋ ಊರಿನವರು ತಿಂಗಳಿಗೊಂದು ಪುಸ್ತಿಕೆ ಕಳಿಸುತ್ತಿದ್ದರು. ಜೊತೆಗೆ ಬಿಡಿಬಿಡಿಯಾಗಿ ಬರುತ್ತಿದ್ದ ಸಾಮಾನನ್ನೆಲ್ಲ ಜೋಡಿಸಿದರೆ ಕೊನೆಗೊಂದು ಟೆಸ್ಟರ್ ಆಗುತ್ತಿತ್ತು. ಒಂದು ಕಪ್ಪು ಡಬ್ಬಿ, ಅದರ ಮುಖದ ಮೇಲೊಂದು ಮುಳ್ಳು, ಎರಡು ವೈರು. ಟೆಸ್ಟರಿನ ಮುಳ್ಳು ಮೊದಲ ಸಲ ಅಲ್ಲಾಡಿದ ದಿನ ನನ್ನಕ್ಕ ಅಸ್ಸುಂತಾ ಸಿಹಿ ಮಾಡಿ ಬೀದಿಗೆಲ್ಲ ಹಂಚಿದಳು, ಪಾಪ. ಮನೆಗೆ ಎಂಥದ್ದು ಕಾಲಿಟ್ಟಿದೆಯೆಂದು ಅವಳಿಗೇನು ಗೊತ್ತು.

ಅಡುಗೆಮನೆಯ ಗೋಡೆಯ ಮೇಲೆ, ಮಾತೆ ಮೇರಿಯ ಪಟದ ಪಕ್ಕದಲ್ಲೇ, ಅವನು ದಪ್ಪಕ್ಷರದಲ್ಲಿ ಎರಡು ಸಾಲು ಬರೆದ. ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ರೋಧ. ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವಾಟ್.

"ಇಷ್ಟೇ ಕಣೇ ಪ್ರಪಂಚ," ಅಂದ ಹೆಂಡತಿಗೆ. "ಎರಡು ಗೊತ್ತಿದ್ರೆ ಮೂರನೇದು ತಾನಾಗೇ ಕೈಗೆ ಬರುತ್ತೆ."

"ಆ ಮೂರನೇದು ಒಂದು ಕಿಲೋ ಈರುಳ್ಳಿನೂ ತರಲಿ," ಅಂದಳು ಅಸ್ಸುಂತಾ.

ಅಷ್ಟಕ್ಕೇ ನಿಂತಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ನಮ್ಮಲ್ಲಿ ಮನೆಯೊಂದಕ್ಕೆ ಸಿಗುವುದು ಮೂರು ಸಾವಿರ ವಾಟ್. ಅದಕ್ಕಿಂತ ಹೆಚ್ಚು ಎಳೆದರೆ, ಕಟ್ಟಡದ ಹೆಬ್ಬಾಗಿಲ ಒಳಗಿರುವ ಮೀಟರಿನ ಹಿಡಿ ಟಕ್ಕೆಂದು ಕೆಳಗೆ ಬೀಳುತ್ತದೆ. ಮನೆ ಕತ್ತಲಾಗುತ್ತದೆ. ಯಾರಾದರೂ ಇಳಿದು ಹೋಗಿ ಅದನ್ನು ಎತ್ತಬೇಕು. ನನ್ನ ಕಟಿಂಗ್ ಅಂಗಡಿ ಆ ಮೀಟರುಗಳ ಪಕ್ಕದಲ್ಲೇ ಇದೆ. ಓವನ್ ಹಾಕಿದ್ದು ಮರೆತು ಇಸ್ತ್ರಿಗೆ ಕೂತವರು, ಗೀಸರ್ ಹಾಕಿದ್ದು ಮರೆತು ಬಟ್ಟೆ ಮಷಿನ್ ಹಾಕಿದವರು ಬಾಲ್ಕನಿಯಿಂದ "ಜೆರ್ಲಾಂದೊ, ಒಂಚೂರು ಎತ್ತಪ್ಪಾ" ಎಂದು ಕೂಗುತ್ತಾರೆ. ಕೆನ್ನೆಗೆ ಸೋಪು ಹಚ್ಚಿಸಿಕೊಂಡ ಗಿರಾಕಿಯನ್ನು ಹಾಗೇ ಕೂರಿಸಿ ನಾನು ಹೋಗಿ ಎತ್ತಿ ಬರುತ್ತೇನೆ. ಊರಿನ ಎಲ್ಲರ ಮನೆಯಲ್ಲೂ ಬೀಳುತ್ತದೆ, ಯಾರೂ ಅದಕ್ಕೆ ನಾಚಿಕೊಳ್ಳುವುದಿಲ್ಲ. ಎರಾಸ್ಮೊನಿಗೆ ಮಾತ್ರ ಹಿಡಿ ಬಿದ್ದರೆ ಮಾನ ಬಿದ್ದಂತೆ. ಲೆಕ್ಕ ಬಾರದವರ ಮನೆಯಲ್ಲಷ್ಟೇ ಕರೆಂಟ್ ಹೋಗುತ್ತದೆ ಎಂದು ಅವನ ಅಂಬೋಣ.

ಹಾಗಾಗಿ ಅವನ ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಬಿಸಿಯಾದರೆ ಫ್ರಿಜ್ಜಿನ ಪ್ಲಗ್ ಕೀಳಬೇಕು. ಓವನ್ ಹೊತ್ತಿದರೆ ರೇಡಿಯೊ ಬಾಯಿ ಮುಚ್ಚಬೇಕು. ಒಂದು ಕ್ರಿಸ್‌ಮಸ್ಸಿಗೆ ಮೀನು ಬೇಯಿಸಲು ಓವನ್ ಹಾಕಿದ ತಪ್ಪಿಗೆ ಅಕ್ಕ ತಣ್ಣೀರಲ್ಲಿ ತಲೆ ಸ್ನಾನ ಮಾಡಿ, ಪೂಜೆಯುದ್ದಕ್ಕೂ ಚರ್ಚಿನಲ್ಲಿ ಸೀನುತ್ತ ಕೂತಿದ್ದಳು. ಪಾದ್ರಿಗಳು ಮೈಗೆ ಹುಷಾರಿಲ್ಲವೇ ಎಂದು ವಿಚಾರಿಸಿದರು. "ಹುಷಾರಿದೀನಿ ಸ್ವಾಮಿ, ಇಂಜಿನಿಯರನ್ನ ಮದುವೆ ಆಗಿದೀನಿ, ಅಷ್ಟೆ," ಅಂದಳು.

ಇನ್ನು ಅವನ ವಿದ್ಯೆಯ ಆಳವೆಷ್ಟು ಎಂಬುದನ್ನು ಹೇಳಿಬಿಡುತ್ತೇನೆ. ಒಂದು ಭಾನುವಾರ ನೆಂಟರಿಷ್ಟರನ್ನೆಲ್ಲ ಕೂರಿಸಿಕೊಂಡು, ಗೋಡೆಯಲ್ಲಿ ಎಷ್ಟು ಆಂಪಿಯರ್ ಇದೆ ನೋಡೋಣ ಎಂದು ಟೆಸ್ಟರಿನ ಎರಡೂ ವೈರನ್ನು ನೇರ ಸಾಕೆಟ್ಟಿನ ತೂತಿಗೇ ತೂರಿಸಿದ. ಡಬ್ ಎಂದಿತು. ನೀಲಿ ಬೆಂಕಿ ಬಂತು, ಹುಬ್ಬು ಸುಟ್ಟ ವಾಸನೆ ಬಂತು, ಕೆಳಗೆ ಹಿಡಿ ಬಿತ್ತು. ಅಂದಿನಿಂದ ಆ ಟೆಸ್ಟರು ವೋಲ್ಟ್ ತೋರಿಸುತ್ತದೆ, ರೋಧ ತೋರಿಸುತ್ತದೆ, ಆಂಪಿಯರ್ ಕಡೆ ತಿರುಗಿಸಿದರೆ ಮುಳ್ಳು ಸತ್ತು ಮಲಗುತ್ತದೆ. ರಿಪೇರಿಗೆ ಕೊಟ್ಟರೆ ಸುಟ್ಟದ್ದು ಒಪ್ಪಿಕೊಂಡಂತೆ ಆಗುತ್ತದಲ್ಲ, ಕೊಡಲಿಲ್ಲ. "ಆಂಪಿಯರನ್ನ ಅಳೆಯೋದು ಕೂಲಿಗಳು. ತಿಳಿದವರು ಲೆಕ್ಕ ಹಾಕ್ತಾರೆ," ಎಂದು ಶುರು ಮಾಡಿದ. ಅವನ ಮನೆಯಲ್ಲಿ ಹರಿಯುವ ಕರೆಂಟನ್ನು ಅಂದಿನಿಂದ ಅವನು ಕಣ್ಣಾರೆ ಕಂಡಿಲ್ಲ.

ಅವನ ಒಬ್ಬಳೇ ಮಗಳು ವೆನೆರಾ. ದರ್ಜಿ ಕೆಲಸ ಮಾಡುತ್ತಾಳೆ, ಬಾಯಿ ಕಡಿಮೆ, ಕೈ ಚುರುಕು. ಅವಳನ್ನು ಕೇಳಿಕೊಂಡು ಬಂದ ಮೊದಲ ಹುಡುಗ ಔಷಧಿ ಅಂಗಡಿಯವನು. ಎರಾಸ್ಮೊ ಅವನಿಗೆ ಕಾಫಿ ಕೊಡುವ ಮೊದಲೇ "ವಾಟ್ ಅಂದರೇನು?" ಎಂದು ಕೇಳಿದ. "ಬಿಲ್ಲಲ್ಲಿ ಬರುತ್ತಲ್ಲ, ಅದು," ಅಂದ ಹುಡುಗ. ಕಾಫಿ ಸಿಗಲಿಲ್ಲ. ಎರಡನೆಯವನು ದೋಣಿಯವನು, ಗಟ್ಟಿಗ. ರೋಧ ಎಂದರೇನು ಎಂದಾಗ "ನೀವೇ ಮಾವ," ಎಂದು ಎದ್ದು ಹೋದ. ನನಗೆ ಆ ಹುಡುಗ ಬಹಳ ಇಷ್ಟವಾಗಿದ್ದ. ವೆನೆರಾಳಿಗೆ ಮೂವತ್ತು ದಾಟಿತು. ಅವಳ ಜೊತೆಯವರ ಮಕ್ಕಳು ಶಾಲೆಯ ಯೂನಿಫಾರ್ಮ್ ಅಳತೆಗೆ ಅವಳ ಹತ್ತಿರವೇ ಬರುತ್ತಿದ್ದರು. ಅಳತೆ ತೆಗೆಯುವಾಗ ಅವಳ ಮುಖ ನೋಡಿದ್ದೇನೆ. ಆಗೆಲ್ಲ ಭಾವನ ಮೇಲೆ ಬರುತ್ತಿದ್ದ ಸಿಟ್ಟನ್ನು ಗಿರಾಕಿಗಳ ಗಡ್ಡದ ಮೇಲೆ ತೀರಿಸಿಕೊಂಡಿದ್ದೇನೆ.

ಮೂರನೆಯವನು ಸಾರೊ. ಅವನ ಅಪ್ಪ ದೊನ್ ಲಿಬೋರಿಯೊನದ್ದು (ದೊನ್ ಎಂಬುದು ನಮ್ಮಲ್ಲಿ ಮರ್ಯಾದೆಯ ಮಾತು) ಊರಿನ ಒಂದೇ ಒಂದು ಎಲೆಕ್ಟ್ರಿಕ್ ಅಂಗಡಿ. ಹುಡುಗ ವೈರಿಂಗ್ ಕೆಲಸದವನು, ವಾಟು ವೋಲ್ಟು ಎಲ್ಲ ಬಲ್ಲವನು. ಇನ್ನೇನು ತಕರಾರು ಇದ್ದೀತು ಎಂದು ನಾವು ನಿಟ್ಟುಸಿರುಬಿಟ್ಟೆವು. ಲಿಬೋರಿಯೊ ಸಂತೋಷಕ್ಕೆ ಎಂಟು ಬಲ್ಬಿನ ಒಂದು ಗೊಂಚಲುದೀಪವನ್ನು ಬೀಗರ ಮನೆಗೆ ಉಡುಗೊರೆಯಾಗಿ ಕಳಿಸಿದ. ಅದೇ ಮುಳುವಾಯಿತು. ಎರಾಸ್ಮೊ ಅದನ್ನು ನೇತುಹಾಕಿಸಿ, ಒಂದನ್ನು ಬಿಟ್ಟು ಉಳಿದ ಏಳು ಬಲ್ಬನ್ನೂ ಸಡಿಲಿಸಿದ. ಆಮೇಲೆ ಅವುಗಳಲ್ಲೊಂದನ್ನು ಬಿಚ್ಚಿ ಕೈಯಲ್ಲಿ ಹಿಡಿದು, ಸುಮ್ಮನಿರಲಾರದೆ ಟೆಸ್ಟರ್ ಹಚ್ಚಿದ.

ಮರುದಿನ ಬೆಳಿಗ್ಗೆ ಗಡ್ಡಕ್ಕೆಂದು ನನ್ನ ಕುರ್ಚಿಯಲ್ಲಿ ಬಂದು ಕೂತ. ಕಣ್ಣು ಕೆಂಡವಾಗಿತ್ತು.

"ಜೆರ್ಲಾಂದೊ, ಕಳ್ಳ ಸಿಕ್ಕಿಬಿದ್ದ ಕಣಯ್ಯ."

"ಯಾವ ಕಳ್ಳ ಭಾವ?"

"ಲಿಬೋರಿಯೊ! ಬಲ್ಬಿನ ಮೇಲೆ ಅರವತ್ತು ವಾಟ್ ಅಂತ ಅಚ್ಚು ಹೊಡೆಸಿದಾನೆ. ನಾನು ಅಳೆದೆ, ಐವತ್ತೈದು ಓಮ್ ರೋಧ. ಇನ್ನೂರ ಇಪ್ಪತ್ತು ವೋಲ್ಟನ್ನ ಐವತ್ತೈದರಿಂದ ಭಾಗಿಸು. ಎಷ್ಟು? ನಾಲ್ಕು ಆಂಪಿಯರ್. ಇನ್ನೂರ ಇಪ್ಪತ್ತು ನಾಲ್ಕಲೆ? ಎಂಟುನೂರ ಎಂಬತ್ತು! ಅರವತ್ತು ಅಂತ ಹೇಳಿ ಎಂಟುನೂರ ಎಂಬತ್ತು ವಾಟ್ ತಿನ್ನಿಸ್ತಿದಾನೆ ಊರಿಗೆಲ್ಲ!"

"ಬೇರೆ ಬಲ್ಬು ಅಳೆದು ನೋಡಿದ್ರಾ?"

"ಮನೇಲಿರೋವೆಲ್ಲ ಅಳೆದೆ. ಎಲ್ಲವೂ ಹಾಗೇ!"

"ಎಲ್ಲವೂ ಹಾಗೇ ಅಂದ್ರೆ, ಅಳೆಯೋದ್ರಲ್ಲೇ ಏನಾದ್ರೂ…"

"ಎಲ್ಲವೂ ಅವನ ಅಂಗಡಿಯವೇ ಅಲ್ವೇನಯ್ಯ! ಇಂಥವನ ಮನೆಗೆ ಹೆಣ್ಣು ಕೊಡ್ತೀನಾ? ಸಾಂತಾ ಲೂಚಿಯಾ ಹಬ್ಬದ ಊಟಕ್ಕೆ ಬರ್ತಾರಲ್ಲ, ಬರಲಿ. ಎಲ್ಲರೆದುರಿಗೇ ಬಯಲು ಮಾಡ್ತೀನಿ."

ನನ್ನ ರೇಜರು ಆಗ ಅವನ ಗಂಟಲಿನ ಮೇಲಿತ್ತು. ಸಂತರೆಲ್ಲ ಸೇರಿ ನನ್ನ ಕೈ ಹಿಡಿದರು ಎಂದುಕೊಂಡಿದ್ದೇನೆ.

ಹಬ್ಬದವರೆಗೆ ಅವನೇನೂ ಸುಮ್ಮನಿರಲಿಲ್ಲ. ಕಟ್ಟಡದ ಉಸ್ತುವಾರಿಯನ್ನು ನಾವೇ ಅವನ ತಲೆಗೆ ಕಟ್ಟಿದ್ದೆವು. ಬೇರೆ ಯಾರಿಗೂ ಅದು ಬೇಕಾಗಿರಲಿಲ್ಲ. ಮೆಟ್ಟಿಲಿನ ಬಲ್ಬುಗಳೂ ಎಂಟುನೂರ ಎಂಬತ್ತು ತಿನ್ನುತ್ತಿವೆ ಎಂದು ಎಲ್ಲವನ್ನೂ ಬಿಚ್ಚಿಸಿ ಬುಟ್ಟಿಗೆ ಹಾಕಿಸಿದ. ಮೂರನೇ ಮಹಡಿಯ ಮುದುಕಿ ದೊನ್ನಾ ನಿನ್ಫಾ ಕತ್ತಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ಅವಳನ್ನು ನೋಡಲು ಹೋದ ಎರಾಸ್ಮೊ, ನೋವು ಹೇಗಿದೆ ಎಂದು ಕೇಳಲಿಲ್ಲ. ಕಟ್ಟಡಕ್ಕೆ ಎಷ್ಟು ವಾಟ್ ಉಳಿಯಿತು ಎಂದು ಅವಳಿಗೆ ವಿವರಿಸಿ ಬಂದ.

ಸಾಂತಾ ಲೂಚಿಯಾ ದಿನ ನಮ್ಮಲ್ಲಿ ಬ್ರೆಡ್ಡು, ಪಾಸ್ತಾ ಮುಟ್ಟುವುದಿಲ್ಲ. ಅಸ್ಸುಂತಾ ಕೇಸರಿ ಬಣ್ಣದ ಅನ್ನದುಂಡೆಗಳನ್ನು ಕರಿದಿದ್ದಳು, ಬೇಯಿಸಿದ ಗೋಧಿಗೆ ರಿಕೊತ್ತಾ ಗಿಣ್ಣು ಕಲಸಿ ಕುಚ್ಚಿಯಾ ಮಾಡಿದ್ದಳು. ಎಲ್ಲ ಗ್ಯಾಸಿನ ಮೇಲೆ. ಓವನ್ ಮುಟ್ಟಲು ಅಪ್ಪಣೆಯಿರಲಿಲ್ಲ. ಸಂಜೆ ಲಿಬೋರಿಯೊ, ಅವನ ಹೆಂಡತಿ ಅಗಾತಾ, ಸಾರೊ ಮೂವರೂ ಮೆಟ್ಟಿಲಿನ ಕತ್ತಲಲ್ಲಿ ಬೆಂಕಿಕಡ್ಡಿ ಗೀರುತ್ತ ಹತ್ತಿ ಬಂದರು. ಒಂದೇ ಬಲ್ಬಿನ ಮಂಕು ಬೆಳಕಿನಲ್ಲಿ ಏಳು ಜನ ಊಟಕ್ಕೆ ಕೂತೆವು. ಆ ದಿನ ಆಗಬೇಕಾಗಿದ್ದದ್ದು ಒಂದೇ ಒಂದು ಕೆಲಸ: ಊಟದ ಕೊನೆಗೆ ಎರಾಸ್ಮೊ ಲೋಟ ಎತ್ತಿ, ಮಗಳನ್ನು ಕೊಟ್ಟೆ ಎಂದು ಒಂದು ಮಾತು ಹೇಳಬೇಕು. ವೆನೆರಾ ಹಸಿರು ಉಡುಪು ತೊಟ್ಟು, ತಟ್ಟೆಯನ್ನೇ ನೋಡುತ್ತ ಕೂತಿದ್ದಳು.

ಎರಾಸ್ಮೊ ಲೋಟ ಎತ್ತಲಿಲ್ಲ. ಜೇಬಿನಿಂದ ಬಲ್ಬು ತೆಗೆದ.

"ದೊನ್ ಲಿಬೋರಿಯೊ, ಇದೇನು?"

"ಬಲ್ಬು, ಇಂಜಿನಿಯರೇ."

"ಎಷ್ಟು ವಾಟು?"

"ಅರವತ್ತು. ಬರೆದಿದೆಯಲ್ಲ."

ಎರಾಸ್ಮೊ ಅನ್ನದುಂಡೆಯ ತಟ್ಟೆ ಸರಿಸಿ, ಮೇಜಿನ ಮೇಲೆಯೇ ಟೆಸ್ಟರ್ ಇಟ್ಟು, ಬಲ್ಬಿನ ಬುಡಕ್ಕೆ ವೈರು ಮುಟ್ಟಿಸಿದ. ಮುಳ್ಳು ಐವತ್ತೈದಕ್ಕೆ ಬಂತು. ನಾಲ್ಕು ಆಂಪಿಯರಿನ ಲೆಕ್ಕವನ್ನು, ಎಂಟುನೂರ ಎಂಬತ್ತರ ಲೆಕ್ಕವನ್ನು, ಪಾದ್ರಿಗಳು ಪಾಪಗಳ ಪಟ್ಟಿ ಓದುವ ಧಾಟಿಯಲ್ಲಿ ಒಪ್ಪಿಸಿದ. ಲಿಬೋರಿಯೊ ಸಿಟ್ಟಾಗಲಿಲ್ಲ, ಅಂಗಡಿಯಲ್ಲಿ ಇಂಥವರನ್ನು ದಿನಾ ಕಂಡವನು.

"ತಣ್ಣಗಿರೋ ಬಲ್ಬು ಅಳೆದಿದೀರಿ, ಇಂಜಿನಿಯರೇ. ಉರಿಯೋವಾಗ ಒಳಗಿನ ತಂತಿ ಬೆಳ್ಳಗೆ ಕಾಯುತ್ತೆ, ಆಗ ಅದರ ರೋಧ ಹತ್ತು ಹದಿನೈದು ಪಟ್ಟು ಏರುತ್ತೆ. ಉರಿಯೋವಾಗ ಎಷ್ಟು ಆಂಪಿಯರ್ ಹರಿಯುತ್ತೆ ಅಂತ ಅಳೆದು, ವೋಲ್ಟನ್ನ ಅದರಿಂದ ಭಾಗಿಸಿ ನೋಡಿ. ನಿಮ್ಮ ಟೆಸ್ಟರಲ್ಲೇ ಆಂಪಿಯರ್ ಇದೆಯಲ್ಲ."

"ಅಳೆಯೋದೇನೂ ಬೇಕಾಗಿಲ್ಲ," ಎರಾಸ್ಮೊ ಟೆಸ್ಟರನ್ನು ಮಡಿಲಿಗೆ ಎಳೆದುಕೊಂಡ. "ಚಳಿಗೊಂದು ನಿಯಮ, ಸೆಖೆಗೊಂದು ನಿಯಮ ಇರುತ್ತೇನ್ರೀ? ನಿಯಮ ಅಂದ್ರೆ ಏನು ಕೋಟೇ, ಬೇಕಾದಾಗ ಹಾಕ್ಕೊಂಡು ಬೇಡದಾಗ ಬಿಚ್ಚೋಕೆ?"

"ಪಪ್ಪಾ, ಸಾಕು," ಅಂದಳು ವೆನೆರಾ.

"ನೀನು ಸುಮ್ನಿರು. ದೊನ್ ಲಿಬೋರಿಯೊ, ಬನ್ನಿ, ಪಂಥ. ಎಂಟೂ ಬಲ್ಬು ಹೊತ್ತಿಸ್ತೀನಿ. ಎಂಟುನೂರ ಎಂಬತ್ತು ಎಂಟಲೆ ಏಳು ಸಾವಿರ ಚಿಲ್ಲರೆ. ಹಿಡಿ ಬಿತ್ತೋ, ನೀವು ಮೋಸಗಾರರು, ಈ ಸಂಬಂಧ ಇಲ್ಲಿಗೆ ಮುಗೀತು. ಬೀಳಲಿಲ್ವೋ, ಈ ಕ್ಷಣವೇ ಮಗಳನ್ನ ಕೊಟ್ಟೆ."

ಅಗಾತಾ ಶಿಲುಬೆ ಗುರುತು ಹಾಕಿಕೊಂಡಳು. ಹೆಣ್ಣಿನ ಮದುವೆಯನ್ನು ಮೀಟರಿನ ಹಿಡಿಗೆ ನೇತುಹಾಕಿದ ಅಪ್ಪನನ್ನು ಅವಳು ಈ ಮೊದಲು ಕಂಡಿರಲಿಲ್ಲ. ಸಾರೊ ಕುರ್ಚಿಯ ಮೇಲೆ ಹತ್ತಿ, ಮೇಜಿನ ಮೇಲಿದ್ದ ಬಲ್ಬನ್ನು ಅದರ ಜಾಗಕ್ಕೆ ಸಿಕ್ಕಿಸಿ, ಸಡಿಲಿಸಿದ್ದ ಬಲ್ಬುಗಳನ್ನು ಒಂದೊಂದಾಗಿ ಬಿಗಿಮಾಡಿದ. ಎಂಟೂ ಹೊತ್ತಿಕೊಂಡವು.

ಆ ಮನೆಯಲ್ಲಿ ಅಷ್ಟು ಬೆಳಕನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಮೂಲೆಯಲ್ಲಿ ಗೋಡೆಯ ಸುಣ್ಣ ಉದುರಿದ್ದು ಕಂಡಿತು, ಅಕ್ಕನ ತಲೆ ಪೂರ್ತಿ ನರೆತದ್ದು ಕಂಡಿತು. ವೆನೆರಾಳ ಉಡುಪಿನ ಅಂಚಿಗೆ ಅವಳೇ ಹಾಕಿದ ಕಸೂತಿ ಕಂಡಿತು. ಎಷ್ಟು ರಾತ್ರಿ ಕೂತು ಹಾಕಿದ್ದಳೋ, ಈವರೆಗೆ ಆ ಮಂಕು ಬೆಳಕಿನಲ್ಲಿ ಯಾರಿಗೂ ಕಂಡಿರಲಿಲ್ಲ.

ಕಿವಿಗೊಟ್ಟು ಕಾದೆವು. ಹಿಡಿ ಬೀಳಲಿಲ್ಲ. ಲಿಬೋರಿಯೊ ಒಂದು ಅನ್ನದುಂಡೆ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದ. ಆಗಲೂ ಬೀಳಲಿಲ್ಲ. ಸಾರೊ ಮೇಜಿನ ಕೆಳಗೆ ವೆನೆರಾಳ ಕೈ ಹಿಡಿದದ್ದನ್ನು ನಾನು ನೋಡಿಯೂ ನೋಡದವನಂತಿದ್ದೆ.

"ಇಂಜಿನಿಯರೇ, ಲೋಟ ಎತ್ತೋಣವೇ?" ಅಂದ ಲಿಬೋರಿಯೊ.

"ಸ್ವಲ್ಪ ತಾಳಿ. ಹಿಡಿ ಬಿಸಿಯಾಗೋಕೆ ಹೊತ್ತು ಬೇಕು," ಅಂದ ಎರಾಸ್ಮೊ. ಹಣೆಯ ಮೇಲೆ ಬೆವರು. ಆಮೇಲೆ ಎದ್ದು, "ವೈನ್ ತರ್ತೀನಿ," ಎಂದು ಒಳಗೆ ಹೋದ.

ಮೇಜಿನ ಮೇಲೆ ತುಂಬಿದ ವೈನ್ ಬಾಟಲಿ ಇತ್ತು. ಒಳಗೆ ಅಡುಗೆಮನೆಯ ಕಡೆ ಏನೋ ಕಟ್ ಎಂದಿತು, ಬಚ್ಚಲುಮನೆಯ ಕಡೆ ಇನ್ನೇನೋ ಕಟ್ ಎಂದಿತು. ಬರಿಗೈಯಲ್ಲಿ ವಾಪಸ್ಸು ಬಂದವನು ಕೂತು ಕುಚ್ಚಿಯಾ ತಿನ್ನತೊಡಗಿದ. ಮುಖದಲ್ಲಿ ಶಾಂತಿ ನೆಲೆಸಿತ್ತು. ನಾಲ್ಕು ಚಮಚ ತಿಂದಿರಬೇಕು, ಕೆಳಗೆಲ್ಲೋ ಟಕ್ಕೆಂದಿತು, ಮನೆಯೆಲ್ಲ ಕತ್ತಲು.

"ನೋಡಿದ್ರಾ!" ಕತ್ತಲಲ್ಲಿ ಎರಾಸ್ಮೊನ ದನಿ ಕುಣಿಯಿತು. "ಏಳು ಸಾವಿರ! ನಾನು ಹೇಳಲಿಲ್ವಾ? ಮುಗೀತು ದೊನ್ ಲಿಬೋರಿಯೊ, ಮುಗೀತು! ನನ್ನ ಮಗಳನ್ನ ಕೊಡಲ್ಲ!"

ಆಮೇಲೆ ಅಸ್ಸುಂತಾಳ ದನಿ, ಏನೂ ಆಗಿಲ್ಲವೆಂಬಂತೆ: "ವೆನೆರಾ, ಕೆಳಗೆ ಹೋಗಿ ಹಿಡಿ ಎತ್ತಮ್ಮ. ಸಾರೊ, ಮೆಟ್ಟಿಲಲ್ಲಿ ದೀಪ ಇಲ್ಲ, ಬೀಳ್ತಾಳೆ. ನೀನೂ ಜೊತೆಗೆ ಹೋಗಪ್ಪ."

ನಮ್ಮ ಊರಲ್ಲಿ ಯಾವ ತಾಯಿಯೂ, ಇನ್ನೂ ಮಾತಾಗದ ಹುಡುಗನ ಜೊತೆ ಮಗಳನ್ನು ಕತ್ತಲಿಗೆ ಕಳಿಸುವುದಿಲ್ಲ. ನನಗೆ ವಿಚಿತ್ರವೆನಿಸಿತು. ಎರಾಸ್ಮೊ ಗೆದ್ದ ಭರದಲ್ಲಿ ಅದನ್ನು ಗಮನಿಸಲಿಲ್ಲ. ಲಿಬೋರಿಯೊನಿಗೆ ಎಂಟುನೂರ ಎಂಬತ್ತನ್ನು ಇನ್ನೊಮ್ಮೆ ಗುಣಿಸಿ ತೋರಿಸುತ್ತಿದ್ದ. ಅಕ್ಕ ಗೋಡೆ ತಡವುತ್ತ ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ದೀಪ ಬಂತು. ಎಂಟೂ ಬಲ್ಬು. ಆಮೇಲೆ ಹೋಗಲೇ ಇಲ್ಲ. ಅಸ್ಸುಂತಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ರೀ, ಓವನ್ ಯಾರು ಹಾಕಿದ್ದು? ಒಳಗೆ ಏನೂ ಇಲ್ಲ, ಕೆಂಪಗೆ ಕಾದಿತ್ತು. ಗೀಸರೂ ಹಾಕಿತ್ತು. ಎರಡನ್ನೂ ಆರಿಸಿ ಬಂದೆ. ಊಟದ ಮಧ್ಯೆ ಸ್ನಾನಕ್ಕೆ ಹೊರಟಿದ್ರಾ?"

ಎಲ್ಲರೂ ಎರಾಸ್ಮೊನನ್ನು ನೋಡಿದೆವು. ಇಷ್ಟು ಬೆಳಕಿನಲ್ಲಿ ಬಚ್ಚಿಟ್ಟುಕೊಳ್ಳಲು ಅವನಿಗೆ ಜಾಗವಿರಲಿಲ್ಲ. ಟೆಸ್ಟರಿನ ವೈರನ್ನು ಬೆರಳಿಗೆ ಸುತ್ತುತ್ತ ಕೂತ. ಲಿಬೋರಿಯೊ ನಗಲಿಲ್ಲ, ಒಳ್ಳೆಯ ಮನುಷ್ಯ. ನಾನು ನಕ್ಕೆ.

ಅಷ್ಟರಲ್ಲಿ ಕೆಳಗೆ ಬೀದಿಯಲ್ಲಿ ಲಿಬೋರಿಯೊನ ಅಂಗಡಿಯ ಮೂರು ಗಾಲಿಯ ಸಾಮಾನು ಗಾಡಿ ಕೆಮ್ಮಿ, ಉಗುಳಿ, ಸ್ಟಾರ್ಟ್ ಆಯಿತು. ಆ ಸದ್ದು ಇಡೀ ಊರಿಗೆ ಗೊತ್ತು. ಎರಾಸ್ಮೊ ಬಾಲ್ಕನಿಗೆ ಓಡಿದ. ನಾನೂ ಹೋದೆ. ಹಿಂದೆ ವೈರಿನ ಸುರುಳಿಗಳು ಕುಣಿಯುತ್ತಿದ್ದ ಗಾಡಿ ಸಮುದ್ರದ ರಸ್ತೆಗೆ ತಿರುಗುತ್ತಿತ್ತು. ಕಿಟಕಿಯಲ್ಲಿ ಹಸಿರು ತೋಳೊಂದು ಕಂಡಿತು.

ಇದರ ಅರ್ಥ ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹುಡುಗ ಹುಡುಗಿ ಒಂದು ರಾತ್ರಿ ಹೊರಗೆ ಕಳೆದರೆ, ಮರುದಿನ ಎರಡೂ ಮನೆಯವರು ಪಾದ್ರಿಗಳ ಬಾಗಿಲು ತಟ್ಟಲೇಬೇಕು. ಆಮೇಲೆ ಅಪ್ಪನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ, ತಾರೀಖನ್ನಷ್ಟೇ ಕೇಳುತ್ತಾರೆ. ಊರಿನ ಅರ್ಧ ಸಂಸಾರಗಳು ಹೀಗೇ ಶುರುವಾದವು.

"ಓಡಿ, ಹಿಡೀರಿ!" ಎರಾಸ್ಮೊ ಒಳಗೆ ಬಂದು ಕೂಗಿದ. ಯಾರೂ ಏಳಲಿಲ್ಲ. ಅಗಾತಾ ಸಮಾಧಾನದಿಂದ ಕುಚ್ಚಿಯಾ ಬಡಿಸಿಕೊಂಡಳು. "ಚೆನ್ನಾಗಿದೆ ಅಸ್ಸುಂತಾ, ರಿಕೊತ್ತಾ ಎಲ್ಲಿಂದ ತರಿಸ್ತೀರಿ?" ಅಂದಳು.

ಎರಾಸ್ಮೊ ಕೂತ. ಕೂತವನು ಅಭ್ಯಾಸಬಲದಿಂದ ತಲೆಯೆತ್ತಿ ಎಂಟು ಬಲ್ಬನ್ನೂ ನೋಡಿದ, ಎದ್ದು ಗೋಡೆಯ ಸ್ವಿಚ್ಚಿನ ಕಡೆ ಕೈ ಚಾಚಿದ. ಅಸ್ಸುಂತಾ ಆ ಕೈಯನ್ನು ಪಟ್ಟೆಂದು ಹೊಡೆದಳು. ಇಷ್ಟು ವರ್ಷಗಳ ಸಂಸಾರದಲ್ಲಿ ಅವಳು ಗಂಡನ ಮೇಲೆ ಕೈ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಉರೀಲಿ ಬಿಡಿ," ಅಂದಳು. "ಇವತ್ತು ನನ್ನ ಮಗಳ ಮದುವೆ."

ಅವನು ಮತ್ತೆ ಕುರ್ಚಿಗೆ ಬಂದು ಕೂತ. ತಟ್ಟೆಯನ್ನೇ ನೋಡುತ್ತ, ಇಂಜಿನಿಯರಿನದಲ್ಲದ ದನಿಯಲ್ಲಿ ಕೇಳಿದ: "ಹೊರಗೆ ಚಳಿ ಇದೆ. ಕೋಟಾದ್ರೂ ಹಾಕ್ಕೊಂಡು ಹೋದ್ಲಾ?" ಆ ಕ್ಷಣ ನನಗೆ ಅವನ ಮೇಲೆ, ಹಾಳಾಗಿ ಹೋಗಲಿ, ಕನಿಕರ ಬಂತು.

ಅಕ್ಕ ಒಳಕೋಣೆಯ ಬಾಗಿಲನ್ನು ತಳ್ಳಿ ತೆರೆದಳಷ್ಟೆ. ಗೊಂಚಲುದೀಪದ ಬೆಳಕು ಒಳಗೆ ಹೋಯಿತು. ಗೂಟದ ಮೇಲೆ ವೆನೆರಾಳ ಕೋಟು ಇರಲಿಲ್ಲ. ಬೀರುವಿನ ಮೇಲಿರುತ್ತಿದ್ದ ಪೆಟ್ಟಿಗೆಯೂ ಇರಲಿಲ್ಲ, ಹೊಲಿಗೆ ಮಷಿನ್ನೂ ಇರಲಿಲ್ಲ. ಅಷ್ಟು ಭಾರದ ಮಷಿನ್ನನ್ನು ದೀಪ ಹೋದ ಆ ಗಳಿಗೆಯಲ್ಲಿ ಯಾರೂ ಇಳಿಸಲಾರರು. ಅಪ್ಪ ತನ್ನ ಒಪ್ಪಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಆಡಿಸುತ್ತಿದ್ದ ಹೊತ್ತಿನಲ್ಲಿ, ಮಗಳ ಸಂಸಾರ ಆಗಲೇ ಕೆಳಗೆ ಗಾಡಿಯಲ್ಲಿತ್ತು.